ಹುಳದ ಮನೆಯ ಎರಡನೇ ವೈರು

"ರೀ, ಆ ಕಡ್ಡಿ ಕೆಳಗಿಡ್ರಿ ಮೊದ್ಲು!"

ಹಿಂದಿನಿಂದ ಬಂದ ಗಂಡು ದನಿಗೆ ವನಜಾಳ ಎದೆ ಧಸಕ್ಕೆಂದಿತು. ಸ್ಟೂಲಿನ ಮೇಲೆ ನಿಂತಿದ್ದವಳು ತೂರಾಡಿ ಗೋಡೆ ಹಿಡಿದುಕೊಂಡಳು. ಕೈಯಲ್ಲಿದ್ದ ಹಿಪ್ಪುನೇರಳೆ ಕಡ್ಡಿಯನ್ನು ಮಾತ್ರ ಬಿಡಲಿಲ್ಲ. ಟ್ರಿಪ್ ಸ್ವಿಚ್ಚು ಮತ್ತೆ ಕೆಳಗೆ ಬೀಳದಂತೆ ಅದನ್ನು ಆ ಕಡ್ಡಿಯಿಂದ ಒತ್ತಿ ಕಟ್ಟಿಹಾಕಲು ನೋಡುತ್ತಿದ್ದಳು ಅವಳು.

ಬಾಗಿಲಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಯುವಕನೊಬ್ಬ ನಿಂತಿದ್ದ. ಮುಖದಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚು ಗಾಬರಿ.

"ಕರೆಂಟಿನ ಜೊತೆ ಯಾರಾದ್ರೂ ಕುಸ್ತಿ ಮಾಡ್ತಾರಾ? ಅದು ಬೀಳ್ತಾ ಐತೆ ಅಂದ್ರೆ ಎಲ್ಲೋ ಲೀಕ್ ಐತೆ ಅಂತ. ಅದರ ಬಾಯಿ ಮುಚ್ಚಿಸಿದ್ರೆ ನಾಳೆ ನಿಮಗೇ ಹೊಡೀತದೆ."

"ಮತ್ತೆ... ನನ್ನ ಹುಳ ಸಾಯ್ತವಲ್ಲ!"

ಅಪರಿಚಿತರೆದುರು ಅವಳು ಇಷ್ಟು ಜೋರಾಗಿ ಮಾತಾಡಿದ್ದೇ ಕಡಿಮೆ. ನಾಚಿಕೆಯಾಗಿ ತಲೆ ತಗ್ಗಿಸಿ, ಸ್ಟೂಲಿನಿಂದ ಇಳಿದಳು.

ಅವನ ದನಿ ತಟ್ಟನೆ ಮೆತ್ತಗಾಯಿತು.

"ಹೆದರಿಸಿದೆ ಅನ್ಸುತ್ತೆ... ಬೇಜಾರ್ ಮಾಡ್ಕೋಬೇಡಿ. ನಾನು ಕೆಂಪರಾಜು. ಬ್ಲಫ್ ಅಂತ ಊರೈತಲ್ಲ, ಅಲ್ಲಿಯವನು. ಹಲಗೂರಲ್ಲಿ ಅಂಗಡಿ ಇಟ್ಟಿದೀನಿ. ನೀವೇ ಅಲ್ವಾ ಫೋನ್ ಮಾಡ್ಸಿದ್ದು?"

ವನಜಾ ಹೌದೆಂದು ತಲೆಯಾಡಿಸಿದಳು.

ಅದು ಚಾಕಿ ಮನೆ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳಗಳನ್ನು ಎರಡನೇ ಜ್ವರ ಏಳುವವರೆಗೆ, ಅಂದರೆ ಎರಡು ಸಲ ಪೊರೆ ಕಳಚುವವರೆಗೆ ಸಾಕಿ ಸುತ್ತಲಿನ ರೈತರಿಗೆ ಕೊಡುವುದು ವನಜಾಳ ಕೆಲಸ. ಮರಿ ಹುಳ ಅಂದರೆ ಹಸುಗೂಸು. ಒಳಗೆ ಬೆಚ್ಚಗಿರಬೇಕು, ತೇವವೂ ಇರಬೇಕು. ಅದಕ್ಕೆ ಹೀಟರು, ಮಂಜು ಉಗುಳುವ ಮಿಷನ್ನು, ಎಲ್ಲವೂ ಕರೆಂಟಿನ ಮೇಲೆಯೇ.

ಹೊಸದಾಗಿ ಟ್ರಿಪ್ ಸ್ವಿಚ್ಚು ಹಾಕಿಸಿದಾಗಿನಿಂದ ಶುರುವಾಗಿತ್ತು ಈ ಕಾಟ. ಯಾವಾಗಂದರೆ ಆವಾಗ ಬೀಳುತ್ತಿತ್ತು. ಹಿಂದಿನ ತಂಡದ ಹುಳಕ್ಕೆ ಹಾಗೇ ತಂಡಿ ಹೊಡೆದಿತ್ತು. ಬೆಳಗ್ಗೆ ಎದ್ದು ನೋಡಿದಾಗ ಹೀಟರು ತಣ್ಣಗಿತ್ತು, ಹುಳ ಮಂಕಾಗಿದ್ದವು. ರೈತರ ಮನೆಗೆ ಹೋದ ಮೇಲೆ ಅರ್ಧಕ್ಕರ್ಧ ಸತ್ತವು.

ಅಪ್ಪ ಚಿಕ್ಕಮಾದು ತೀರಿಕೊಂಡ ಮೇಲೆ ಜಮೀನೆಲ್ಲ ತನ್ನದೆಂದಿದ್ದ ಅಣ್ಣ ಅಂಬರೀಶ್. ವನಜಾಳಿಗೆ ಉಳಿದದ್ದು ಈ ಶೆಡ್ಡು, ಪಕ್ಕದ ಹಳೇ ಮನೆ, ಒಂದಿಷ್ಟು ಹಿಪ್ಪುನೇರಳೆ ಸೊಪ್ಪಿನ ತೋಟ ಮತ್ತು ಅವ್ವ. ಅಣ್ಣ ತಂಗಿಗೆ ಮಾತು ಬಿಟ್ಟು ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿಗೂ ಹೋಗದ ಹುಡುಗಿಗೆ ಊರಲ್ಲಿ ಒಂದು ಹೆಸರು ಅಂತ ಇದ್ದರೆ, ಅದು ಒಂದೇ... 'ವನಜಾನ ಕೈಯಲ್ಲಿ ಬಂದ ಹುಳ ಸಾಯಲ್ಲ.'

ಈಗ ಅದೂ ಹೋಗುವುದರಲ್ಲಿತ್ತು.

ಕೆಂಪರಾಜು ಒಂದೊಂದೇ ಪ್ಲಗ್ಗು ಕಿತ್ತ. ಹೀಟರು, ಮಿಷನ್ನು, ಟ್ಯೂಬ್‌ಲೈಟು. ಪ್ರತಿಯೊಂದನ್ನೂ ಬೇರೆ ಬೇರೆ ಹಾಕಿ ನೋಡಿದ. ಯಾವುದಕ್ಕೂ ಸ್ವಿಚ್ಚು ಬೀಳಲಿಲ್ಲ.

"ಯಾವಾಗ ಬೀಳ್ತದೆ ಅಂತ ಏನಾದ್ರೂ ಗಮನಿಸಿದೀರಾ?"

"ಮೋಡ ಆದಾಗ ಜಾಸ್ತಿ... ಮುಸ್ಸಂಜೆ, ಬೆಳಗಿನ ಜಾವ. ಮಿಷನ್ನು ಮಂಜು ಬಿಡುವಾಗ. ಬಿಸಿಲಿದ್ದಾಗ ಬಿದ್ದಿದ್ದೇ ಇಲ್ಲ."

ಅವನು ಕೈಯಲ್ಲಿದ್ದ ಟೆಸ್ಟರ್ ಕೆಳಗಿಟ್ಟು ಅವಳನ್ನೇ ನೋಡಿದ.

"ಅಲ್ರೀ, ಅರ್ಧ ಕೆಲಸ ನೀವೇ ಮಾಡಿಟ್ಟಿದೀರಲ್ಲ! ಇಷ್ಟು ಸರಿಯಾಗಿ ಯಾರೂ ಹೇಳಲ್ಲ ನಂಗೆ. 'ಸುಮ್ನೆ ಬೀಳ್ತದೆ ಕಣಣ್ಣ' ಅಂತಾರೆ ಅಷ್ಟೇ."

ಅವಳ ಕೆನ್ನೆ ಬಿಸಿಯಾಯಿತು. "ಕಾಪಿ ತತ್ತೀನಿ" ಎಂದು ಮನೆಯೊಳಗೆ ಓಡಿದಳು.

ಅಷ್ಟರಲ್ಲಿ ಮೋಡ ಕವಿದಿತ್ತು. ಎಲ್ಲವನ್ನೂ ಆಫ್ ಮಾಡಿ, ಕೆಂಪರಾಜು ಇಕ್ಕಳದಂಥ ಮೀಟರನ್ನು ಎರಡೂ ವೈರಿಗೆ ಸೇರಿಸಿ ಕಚ್ಚಿಸಿದ. ಹೋದ ಕರೆಂಟು ಅಷ್ಟೂ ವಾಪಸ್ ಬರುತ್ತಿದ್ದರೆ ಅದು ಸೊನ್ನೆ ತೋರಿಸಬೇಕು. ತೋರಿಸಲಿಲ್ಲ.

ಶೆಡ್ಡಿನಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ... ಆದರೂ ಕರೆಂಟು ಎಲ್ಲಿಗೋ ಹೋಗುತ್ತಿದೆ!

ಅವನು ಹಿತ್ತಲಿಗೆ ನಡೆದ. ಹೊರಗಿನ ಲೈಟಿನ ಡಬ್ಬಿಯಿಂದ ಒಂಟಿ ವೈರೊಂದು ಇಳಿದು, ಸೊಪ್ಪಿನ ಕಡ್ಡಿಯ ರಾಶಿಯ ಕೆಳಗೆ ಹೊಕ್ಕು, ಬೇಲಿಯಾಚೆಗಿನ ಹೊಸ ಮನೆಯ ಕಡೆ ಹೋಗಿತ್ತು.

"ಅದ ಮುಟ್ಟಬ್ಯಾಡ ಕಣಪ್ಪಾ!"

ವನಜಾಳ ಅವ್ವ ಪುಟ್ಟಮಾದಮ್ಮ ಏದುಸಿರು ಬಿಡುತ್ತ ಬಂದು ಅವನ ಕೈ ಹಿಡಿದುಕೊಂಡಳು.

"ಅದು ನನ್ ಮಗನ ಮನೆಗೆ ಓಗಿರೋದು. ಒಂದೇ ಒಂದು ಬಲ್ಬು ಕಣಪ್ಪ. ಸೈಟಿನ್ನೂ ಅವರಪ್ಪನ ಎಸ್ರಲ್ಲೇ ಐತೆ. ಮೀಟ್ರು ಆಕಬೇಕಾದ್ರೆ ತಂಗಿನೂ ಸೈನ್ ಆಕಬೇಕಂತೆ. ಇವ್ಳು ಆಕಲ್ಲ ಅಂತ ಕೂತವ್ಳೆ. ಮನೇಲಿ ಪುಟ್ ಕೂಸೈತೆ, ಕತ್ಲೇಲಿ ಎಂಗಪ್ಪ ಇರಾದು?"

"ಅಮ್ಮಾ, ಒಂದೇ ವೈರು ಐತಲ್ಲ ಇದು? ಇನ್ನೊಂದು?"

"ಇನ್ನೊಂದ್ಯಾಕೆ? ಕಬ್ಬಿಣದ ಸಲಾಕೆ ನೆಲಕ್ಕೆ ಒಡ್ದವ್ನೆ. ಬೋರ್‌ವೆಲ್ ಶೆಡ್ಡಲ್ಲೆಲ್ಲಾ ಇಂಗೇ ತಾನೆ ಉರ್ಸೋದು?"

ಕೆಂಪರಾಜು ಹಣೆ ಒತ್ತಿಕೊಂಡ. ಹಳೇ ಫ್ಯೂಸು ಇದ್ದಾಗ ನಡೆಯುತ್ತಿದ್ದ ಆಟ ಅದು. ಹೊಸ ಸ್ವಿಚ್ಚು ಸಹಿಸುವುದಿಲ್ಲ. ಹೋದ ಕರೆಂಟು ನೆಲಕ್ಕಿಳಿದರೆ ಅದಕ್ಕೆ ಲೀಕೇ. ತೇವ ಕುಡಿದ ಹೀಟರಿನಿಂದ ಒಂದಿಷ್ಟು, ಈ ಬಲ್ಬಿನಿಂದ ಒಂದಿಷ್ಟು. ಬೇರೆ ಬೇರೆಯಾಗಿದ್ದರೆ ತಡೆಯುತ್ತದೆ, ಎರಡೂ ಸೇರಿದ ಗಳಿಗೆಯಲ್ಲಿ ಬೀಳುತ್ತದೆ.

"ಇದ್ರಿಂದಾನೇ ಅಮ್ಮ, ನಿಮ್ಮ ಮಗಳ ಹುಳ ಸತ್ತಿದ್ದು. ಆ ಸಲಾಕೆ ಹತ್ರ ಮಗು ಹೋದ್ರೆ ಇನ್ನೂ ಅನಾಹುತ. ಎರಡು ವೈರು ಎಳೆದಿದ್ರೆ ಬೀಳ್ತಾನೇ ಇರ್ಲಿಲ್ಲ."

ಪುಟ್ಟಮಾದಮ್ಮ ಆ ಕೊನೆಯ ಮಾತನ್ನು ಗಪ್ಪನೆ ಹಿಡಿದುಕೊಂಡಳು.

"ಅಂಗಾದ್ರೆ ಇನ್ನೊಂದು ವೈರು ಎಳ್ದುಬುಡು ಮಗ! ಅವ್ಳಿಗೆ ಮಾತ್ರ ಯೋಳಬ್ಯಾಡ. ಯೋಳುದ್ರೆ ಇದ್ದೊಂದು ಬಲ್ಬೂ ಕಿತ್ತಾಕ್ತಾಳೆ. ನಿನ್ ಕಾಲಿಗ್ ಬೀಳ್ತೀನಿ..."

ಮುದುಕಿ ನಿಜವಾಗಿಯೂ ಬಗ್ಗಿದಳು! ಕೆಂಪರಾಜು ಹೌಹಾರಿ ಹಿಂದೆ ಸರಿದ.

'ಬೇಡ. ಹೇಳಿಬಿಡಬೇಕು. ಆದರೆ ಹೇಳಿದರೆ ಈ ಮನೆಯಲ್ಲಿ ಬೆಂಕಿ ಬೀಳುತ್ತದೆ. ಎರಡನೇ ವೈರು ಎಳೆದರೆ ಸ್ವಿಚ್ಚು ನಿಲ್ಲುತ್ತದೆ, ಹುಳ ಬದುಕುತ್ತವೆ, ಮಗುವಿಗೂ ಅಪಾಯವಿಲ್ಲ... ಯಾರಿಗೇನು ನಷ್ಟ?'

ಹಾಗಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಹುಡುಗಿಯ ಮನೆ ಬಾಗಿಲು ತನಗೆ ಮುಚ್ಚಿಹೋದೀತೆಂಬ ಸಣ್ಣ ಹೆದರಿಕೆಯೂ ಆ ಲೆಕ್ಕದೊಳಗಿತ್ತು. ಅದನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಮಾರನೇ ದಿನ ವನಜಾ ಸೊಪ್ಪು ಕೊಯ್ಯಲು ಹೋದಾಗ ಎರಡನೇ ವೈರು ಎಳೆದ.

"ಏನಾಗಿತ್ತು?" ಎಂದು ಅವಳು ಕೇಳಿದಾಗ, ಅವಳ ಕಣ್ಣು ನೋಡದೆ ಹೇಳಿದ, "ಹೀಟರ್ ತೇವ ಕುಡಿದಿತ್ತು. ಹೊಸ ಕಾಯಿಲ್ ಹಾಕಿದೀನಿ. ಇನ್ನು ಬೀಳಲ್ಲ."

ಅದು ಬೀಳಲಿಲ್ಲ.

ವನಜಾ ಆ ಸಂಜೆ ಗೋಡೆಗೊರಗಿ ಕೂತು, ಯಾರಿಗೂ ಕಾಣದಂತೆ ಅತ್ತಳು. ಸಂತೋಷಕ್ಕೆ.

ಆಮೇಲೆ ಕೆಂಪರಾಜು ಬರುತ್ತಲೇ ಇದ್ದ. "ಸುಮ್ನೆ ಚೆಕ್ ಮಾಡೋಕೆ" ಎನ್ನುತ್ತಿದ್ದ. ಒಂದು ಸಲ ತಾನೇ ಕತ್ತಿ ಹಿಡಿದು ಮರಿ ಹುಳಕ್ಕೆ ಸೊಪ್ಪು ಹೆಚ್ಚಲು ಕೂತ. ವನಜಾ ನೋಡಿ ನಕ್ಕುಬಿಟ್ಟಳು.

"ಇಷ್ಟು ದಪ್ಪ ಹೆಚ್ಚಿದ್ರೆ ಏಣಿ ಹಾಕ್ಕೊಂಡು ಹತ್ತಬೇಕು ಅವು!"

"ಹತ್ಲಿ ಬಿಡ್ರಿ, ವ್ಯಾಯಾಮ ಆಗ್ತದೆ."

"ನಿಮಗೆ ಹುಳದ ಕಷ್ಟ ಗೊತ್ತಿಲ್ಲ."

"ಹುಳದವರ ಕಷ್ಟ ಗೊತ್ತಾಯ್ತಾ ಐತೆ ಈಗೀಗ..."

ಅವನು ಮೆಲ್ಲಗೆ ಹೇಳಿದ ಆ ಮಾತು ಕೇಳಿಸಿಕೊಂಡೇ ಅವಳು ಕತ್ತಿ ತೆಗೆದುಕೊಂಡಳು. ಅವತ್ತು ಸೊಪ್ಪು ಹೆಚ್ಚುವಾಗ ಅವಳ ಕೈ ಮಾತ್ರ ಯಾಕೋ ನಿಧಾನವಾಗಿತ್ತು.

ಹೊಸ ತಂಡದ ಹುಳ ಮೊದಲ ಜ್ವರ ಎದ್ದಿದ್ದವು. ಒಂದಕ್ಕಿಂತ ಒಂದು ಚೆಂದ. ಆಗ ಬಂದ ಕರಿಯಪ್ಪ.

ಕರಿಯಪ್ಪ ದೊಡ್ಡ ಸಾಕಣೆಗಾರ. ಅವನು ಯಾರ ಹತ್ತಿರ ಹುಳ ತೆಗೆದುಕೊಳ್ಳುತ್ತಾನೋ, ಸುತ್ತಲಿನವರೆಲ್ಲ ಅಲ್ಲೇ ತೆಗೆದುಕೊಳ್ಳುವರು. ಕೆಂಪರಾಜುವೂ ಅವತ್ತು ಅಲ್ಲೇ ಇದ್ದ, ಟ್ಯೂಬ್‌ಲೈಟು ಬದಲಿಸುತ್ತ.

"ಈ ಸಲ ನಿನ್ ಉಳ ಬ್ಯಾಡ ಕಣವ್ವ," ಕರಿಯಪ್ಪ ಬಾಗಿಲಲ್ಲೇ ನಿಂತು ಹೇಳಿದ. "ಮದ್ದೂರು ಕಡೆಯಿಂದ ತರ್ತೀವಿ. ಓದ್ ಸಲ ಬೆಳೆನೇ ಓಯ್ತು. ಏನಾಗಿತ್ತು ಅಂತನಾದ್ರೂ ಯೋಳು?"

ವನಜಾ ಬಾಯಿ ತೆರೆಯುವ ಮೊದಲೇ ಪುಟ್ಟಮಾದಮ್ಮ ಮುಂದೆ ಬಂದಳು. ಅವಳ ಕಣ್ಣು ಒಮ್ಮೆ ಹಿತ್ತಲ ಕಡೆ ಹೋಗಿ ಬಂತು.

"ಏನ್ ಯೋಳಾದು ಕರಿಯಪ್ಪಣ್ಣ... ಒರಗಾಗಿದ್ದಾಗ ಉಳದ ಮನೆಗೆ ಓಗ್ಬುಟ್ಟವ್ಳೆ. ಉಡ್ಗೀಗೆ ತಿಳೀಲಿಲ್ಲ. ಇನ್ಮೇಲೆ ಅಂಗಾಗಲ್ಲ ಬುಡು."

ವನಜಾಳಿಗೆ ನೆಲವೇ ಜಾರಿದಂತಾಯಿತು.

ಮುಟ್ಟಾದವರು ಹುಳದ ಮನೆ ಹೊಸಲು ದಾಟಬಾರದೆಂಬುದು ಆ ಕಡೆಯ ಹಳೇ ಕಟ್ಟು. ಅವಳ ಮೈಯ ವಿಷಯವನ್ನು, ಮೂರನೆಯವರೆದುರು, ಅವಳ ಅವ್ವನೇ... ಅದೂ ಶುದ್ಧ ಸುಳ್ಳು! ಅವತ್ತು ಅವಳು ಮುಟ್ಟಾಗಿರಲೇ ಇಲ್ಲ.

ಅವಮಾನಕ್ಕೆ ಕಿವಿ ಸುಡುತ್ತಿತ್ತು. ದಿಕ್ಕು ತೋಚದೆ ಕೆಂಪರಾಜುವಿನ ಕಡೆ ನೋಡಿದಳು. 'ಹೀಟರಿನದ್ದು ಅಂತ ಹೇಳಿ... ನೀವಾದರೂ ಹೇಳಿ!'

ಅವನು ಒಮ್ಮೆ ಪುಟ್ಟಮಾದಮ್ಮನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, ಕೈಯಲ್ಲಿದ್ದ ಸ್ಕ್ರೂ ತಿರುಗಿಸುತ್ತ ನಿಂತ.

"ಥೂ, ಅದೇ ನೋಡು ಮತ್ತೆ!" ಎನ್ನುತ್ತ ಕರಿಯಪ್ಪ ಹೊರಟುಹೋದ. ಊರಿಗೆಲ್ಲ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ.

ಅದಾಗಿ ಎರಡು ದಿನಕ್ಕೆ, ಮಧ್ಯಾಹ್ನ, ವನಜಾ ತಿಂದುಳಿದ ಸೊಪ್ಪನ್ನು ತಿಪ್ಪೆಗೆ ಹಾಕಲು ಹಿತ್ತಲಿಗೆ ಹೋದಳು. ಬೇಲಿಯಾಚೆ ಅಣ್ಣನ ಮನೆಯಿಂದ ಗುರ್ರ್ ಎಂಬ ಸದ್ದು.

ಮಿಕ್ಸಿ!

ಅಣ್ಣನ ಮನೆಗೆ ಮೀಟರೇ ಇಲ್ಲವಲ್ಲ... ಸಂಜೆ ಕಾಣುವ ಬೆಳಕನ್ನು 'ಸೋಲಾರ್ ಲೈಟು ಕಣವ್ವ' ಎಂದಿದ್ದಳು ಅವ್ವ. ಸೋಲಾರ್ ಲೈಟಿನಲ್ಲಿ ಮಿಕ್ಸಿ ತಿರುಗುತ್ತದೆಯೇ?

ಅವಳು ಬುಟ್ಟಿ ಕೆಳಗಿಟ್ಟಳು. ಕಡ್ಡಿ ರಾಶಿ ಸರಿಸಿದಳು. ಹಳೇ ವೈರಿನ ಪಕ್ಕದಲ್ಲೇ ಹೊಸ ನೀಲಿ ವೈರು. ಅಂಗೈಯಗಲಕ್ಕೊಂದು ಕ್ಲಿಪ್ಪು, ಅಚ್ಚುಕಟ್ಟು. ಶೆಡ್ಡಿನೊಳಗೆ ಕೆಂಪರಾಜು ಮಾಡಿದ್ದ, ದಿನವೂ ಅವಳು ಮೆಚ್ಚಿ ನೋಡುತ್ತಿದ್ದ ಅದೇ ಕೈಕೆಲಸ!

ಒಳಗೆ ಹೋಗಿ ಮೈನ್ ಸ್ವಿಚ್ಚು ಕೆಳಗೆಳೆದಳು.

ಮಿಕ್ಸಿ ನಿಂತಿತು. "ಥೋ, ಕರೆಂಟ್ ಓಯ್ತು," ಅತ್ತಿಗೆಯ ದನಿ.

ಮೇಲೆತ್ತಿದಳು. ಮಿಕ್ಸಿ ತಿರುಗಿತು.

ಇನ್ನೊಮ್ಮೆ ಮಾಡಿ ನೋಡುವ ಅಗತ್ಯವಿರಲಿಲ್ಲ. ಬೀಳುತ್ತಿದ್ದ ಸ್ವಿಚ್ಚು, ಮುಸ್ಸಂಜೆ, ಬೆಳಗಿನ ಜಾವ, ಅವನು ಕೈಯಿಟ್ಟ ಮೇಲೆ ನಿಂತ ಕಾಟ, ಅವ್ವನ ಸುಳ್ಳು, ಅವನ ತಗ್ಗಿದ ತಲೆ... ಎಲ್ಲವೂ ಒಟ್ಟಿಗೆ ಬಂದು ಎದೆಗೆ ಗುದ್ದಿದವು.

ಪುಟ್ಟಮಾದಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು.

"ನಿಂಗೆ ಗೊತ್ತಿತ್ತಾ ಅವ್ವ?"

ಮಗಳ ಮುಖ ನೋಡಿದ್ದೇ ಮೊರ ನೆಲಕ್ಕಿಳಿಯಿತು.

"ಅವ್ನೂ ನನ್ನ ಒಟ್ಟೇಲೇ ಉಟ್ಟವ್ನಲ್ವಾ? ಕೂಸು ಕತ್ಲಲ್ಲಿ ಅಳ್ತಿತ್ತು ಕಣವ್ವ..."

"ಕರೆಂಟು ಕೊಟ್ಟಿದ್ದಕ್ಕೆ ಕೇಳ್ತಿಲ್ಲ. ಕೂಸಿಗೆ ಬೆಳಕು ಬೇಕು ಅಂತ ನನ್ನನ್ನ ಕೇಳಿದ್ರೆ ಬೈಕೊಂಡಾದ್ರೂ ಕೊಡ್ತಿದ್ದೆ. ಆದ್ರೆ ಕಾರಣ ಗೊತ್ತಿದ್ದೂ... ನನ್ನ ಮೈ ಮೇಲೆ ಹಾಕಿದ್ಯಲ್ಲವ್ವ! ಊರಿನ ಗಂಡಸರೆಲ್ಲ ನನ್ನ ಮುಟ್ಟಿನ ಲೆಕ್ಕ ಮಾತಾಡೋ ಹಂಗೆ ಮಾಡಿದ್ಯಲ್ಲ!"

"ಆ ಗಳಿಗೇಲಿ ಬಾಯಿಗೆ ಅದೇ ಬಂತು..."

"ಅಣ್ಣನಿಗೆ ಹೇಳು, ಮೀಟರಿಗೆ ಸೈನ್ ಹಾಕ್ತೀನಿ. ಇನ್ಮೇಲೆ ನನ್ನ ಬೆನ್ನ ಹಿಂದೆ ಏನೂ ಬೇಡ."

ಅವಳ ದನಿ ಏರಲಿಲ್ಲ. ಅದಕ್ಕೇ ಪುಟ್ಟಮಾದಮ್ಮನಿಗೆ ಹೆಚ್ಚು ಹೆದರಿಕೆಯಾಯಿತು.

ಸಂಜೆ ಕೆಂಪರಾಜು ಬಂದ. ನಗುತ್ತಲೇ ಬಂದವನು, ಹಿತ್ತಲಲ್ಲಿ ಬಯಲಾಗಿ ಬಿದ್ದಿದ್ದ ನೀಲಿ ವೈರು ನೋಡಿ ನಿಂತುಬಿಟ್ಟ.

"ಯಾವತ್ತಿಂದ ಗೊತ್ತು?" ವನಜಾ ಕೇಳಿದಳು.

"...ಮೊದಲ ದಿನದಿಂದ."

"ಹೀಟರ್ ಅಂದ್ರಲ್ಲ?"

"ಅದೂ ಒಂಚೂರು ಇತ್ತು ಕಣ್ರಿ. ಪೂರ್ತಿ ಸುಳ್ಳಲ್ಲ..."

"ಪೂರ್ತಿ ಸುಳ್ಳಾಗಿದ್ರೆ ಚೆನ್ನಾಗಿತ್ತು," ಅವಳೆಂದಳು. "ಅರ್ಧ ನಿಜ ಸೇರಿಸಿ ಹೇಳಿದ್ರಿ. ಅದಕ್ಕೇ ನಂಬಿದೆ."

"ನಿಮ್ಮವ್ವ ಕಾಲಿಗೆ ಬೀಳೋಕೆ ಬಂದ್ರು. ನಂಗೆ ಏನ್ ಮಾಡ್ಬೇಕು ಅಂತ..."

"ವೈರು ಎಳೆದಿದ್ದನ್ನ ಕ್ಷಮಿಸಬಹುದು. ಕರಿಯಪ್ಪನ ಮುಂದೆ ನಾನು ನಿಮ್ಮ ಮುಖ ನೋಡಿದೆ. ಇಡೀ ಶೆಡ್ಡಲ್ಲಿ ನಿಮ್ಮೊಬ್ಬರ ಮುಖ ನೋಡಿದೆ! ನೀವು ಸ್ಕ್ರೂ ತಿರುಗಿಸ್ತಾ ನಿಂತ್ರಿ."

ಅವನ ಕಣ್ಣು ತುಂಬಿತು.

"ಹೋಗಿ. ಇನ್ನು ಚೆಕ್ ಮಾಡೋಕೆ ಏನೂ ಇಲ್ಲ ಇಲ್ಲಿ."

ಬಾಗಿಲು ಹಾಕಿಕೊಂಡಳು. ಗಾಡಿಯ ಸದ್ದು ತುಂಬಾ ಹೊತ್ತು ಕೇಳಲಿಲ್ಲ. ಅವನು ಅಲ್ಲೇ ನಿಂತಿದ್ದ.

ಹುಳ ಎರಡನೇ ಜ್ವರಕ್ಕೆ ಕೂತವು. ಎದ್ದ ದಿನವೇ ರೈತರ ಮನೆ ಸೇರಬೇಕು. ಒಬ್ಬರೂ ಬೇಕೆಂದಿರಲಿಲ್ಲ. ತೆಗೆದುಕೊಳ್ಳುವವರಿಲ್ಲದಿದ್ದರೆ, ಒಂದೊಂದನ್ನೂ ಕೂಸಿನಂತೆ ನೋಡಿಕೊಂಡ ಆ ಹುಳಗಳನ್ನೆಲ್ಲ ತಿಪ್ಪೆಗೆ ಸುರಿಯಬೇಕು.

ಫೋನು ಹೊಡೆದುಕೊಳ್ಳುತ್ತಿತ್ತು. ಕೆಂಪರಾಜು. ಅವಳು ತೆಗೆಯಲಿಲ್ಲ. ಹೆಸರು ಕಂಡಾಗಲೆಲ್ಲ ಒಳಗೆ ಏನೋ ಎದ್ದು ನಿಲ್ಲುತ್ತಿತ್ತು. ಮರುಗಳಿಗೆಗೆ ಆ ತಗ್ಗಿದ ತಲೆ ನೆನಪಾಗುತ್ತಿತ್ತು.

'ನನ್ನ ಪರವಾಗಿ ಯಾರೋ ಮಾತಾಡ್ತಾರೆ ಅಂತ ಕಾದೆನಲ್ಲ... ನನಗೇ ಬಾಯಿರಲಿಲ್ಲವಾ?'

ಬೆಳಗ್ಗೆ ಹಲಗೂರಿನ ಬಸ್ಸು ಹತ್ತಿದಳು. ಕರಿಯಪ್ಪ ಆ ಹೊತ್ತಿಗೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿನ ಜಗಲಿಯಲ್ಲಿ ಕೂರುತ್ತಾನೆಂದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಇಳಿಯುವಷ್ಟರಲ್ಲಿ ಎಲ್ಲ ಮರೆತಿತ್ತು.

ಜಗಲಿಯ ಮುಂದೆ ಜನ ಸೇರಿದ್ದರು. ನಡುವೆ ಕೆಂಪರಾಜು!

"ಅಂದ್ರೆ ಗೊತ್ತಿದ್ದೂ ಬಾಯ್ ಮುಚ್ಕೊಂಡಿದ್ದೇನ್ಲಾ?" ಕರಿಯಪ್ಪ ಗುಡುಗುತ್ತಿದ್ದ.

"ಹೌದು. ಕರೆಂಟು ಹೋಗಿ ಹುಳಕ್ಕೆ ತಂಡಿ ಹೊಡೀತು. ಯಾಕೆ ಹೋಗ್ತಿತ್ತು ಅಂತ ನಾನೇ ಕಂಡುಹಿಡಿದೆ, ನಾನೇ ಮುಚ್ಚಿಟ್ಟೆ. ವನಜಾ ಅವರದ್ದು ಏನೂ ತಪ್ಪಿಲ್ಲ. ಅವತ್ತು ಅವರವ್ವ ಹಂಗಂದಾಗ ನಾನು ಅಲ್ಲೇ ನಿಂತಿದ್ದೆ. ಹೇಡಿ ಥರ ನಿಂತಿದ್ದೆ."

"ನಿನ್ನ ನಂಬಿ ಇನ್ಯಾವನ್ಲಾ ಮನೆ ವೈರಿಂಗ್ ಕೊಡ್ತಾನೆ?"

"ಕೊಡ್ದಿದ್ರೆ ಬೇಡ."

ವನಜಾಳ ಕಾಲು ನಿಂತವು. ವಾಪಸ್ ಹೋಗಿಬಿಡಬಹುದಿತ್ತು. ಹೇಳಬೇಕಾದ್ದನ್ನು ಅವನು ಹೇಳಿಯಾಗಿತ್ತು. ಆದರೆ ಒಂದು ಮಾತು ಉಳಿದಿತ್ತು, ಅದು ಅವನದಲ್ಲ.

ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಸೆರಗಿನ ತುದಿ ಗಟ್ಟಿಯಾಗಿ ಹಿಡಿದಳು.

"ಕರಿಯಪ್ಪಣ್ಣ, ಅವತ್ತು ನಾನು ಹೊರಗಾಗಿರಲಿಲ್ಲ."

ಕರಿಯಪ್ಪ ಮುಜುಗರದಿಂದ ಬೀಡಿ ಆರಿಸಿದ.

"ಆಯ್ತು ಬುಡವ್ವ, ಅದೆಲ್ಲಾ ಯಾಕೀಗ ಇಲ್ಲಿ..."

"ನೀವೇ ಇಲ್ಲಿ ಕೂತು ಮಾತಾಡಿದ್ರಲ್ಲ, ಅದಕ್ಕೆ. ಇನ್ನೊಂದು ಕೇಳಿ. ನಾನು ಪ್ರತಿ ತಿಂಗಳೂ ಆ ದಿನಗಳಲ್ಲೂ ಹುಳದ ಮನೆಗೆ ಹೋಗ್ತೀನಿ. ಇಷ್ಟು ವರ್ಷದಿಂದ! ಹುಳಕ್ಕೆ ಹೊತ್ತಿಗೆ ಸೊಪ್ಪು ಹಾಕೋರು ಇನ್ಯಾರಿದಾರೆ? ಯುಗಾದಿ ಬೆಳೇಲಿ ನಿಮ್ಮ ಗೂಡು ರಾಮನಗರದ ಮಾರ್ಕೆಟ್ಟಲ್ಲಿ ಎಲ್ಲರಿಗಿಂತ ಮೇಲೆ ಹೋಯ್ತಲ್ಲ... ಆ ಹುಳಕ್ಕೂ ಅಂಥ ದಿನಗಳಲ್ಲೇ ಸೊಪ್ಪು ಹಾಕಿದ್ದೆ. ಒಂದಾದ್ರೂ ಸತ್ತಿತ್ತಾ?"

ಹೋಟೆಲಿನೊಳಗೆ ದೋಸೆ ಹುಯ್ಯುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು.

"ಸರಿಯಾಗ್ ಕೇಳ್ದೆ ಕಣವ್ವ! ಯೋಳಣ್ಣ ಈಗ, ಬಾಯಿ ಬುಡು!"

ಕರಿಯಪ್ಪ ತಲೆ ಕೆರೆದುಕೊಂಡ. ಆಕಾಶ ನೋಡಿದ. ಕೊನೆಗೆ ಗದರಿದ.

"ತೋಟದಲ್ಲಿ ಸೊಪ್ಪು ಬಲೀತಾ ಐತೆ. ಯಾವಾಗ್ ಜ್ವರ ಏಳ್ತವೆ ನಿನ್ ಉಳ?"

"...ನಾಳೆ."

"ಒತ್ತಾರೆ ಗಾಡಿ ಕಳುಸ್ತೀನಿ. ಬ್ಯಾರೇರ್ಗೆ ಕೊಟ್ಗಿಟ್ಟೀಯ ಮತ್ತೆ!"

ವನಜಾ ತಲೆಯಾಡಿಸಿದಳು. ತಿರುಗಿ ನಡೆದಳು. ನಿಲ್ದಾಣದ ಕಲ್ಲು ಬೆಂಚು ತಲುಪುವವರೆಗೆ ಕಣ್ಣೀರು ತಡೆದುಕೊಂಡಳು.

ಕೆಂಪರಾಜು ಸ್ವಲ್ಪ ದೂರದಲ್ಲಿ ನಿಂತ. ಹತ್ತಿರ ಬರುವ ಧೈರ್ಯವಾಗಲಿಲ್ಲ.

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ. ನೀವು ಬರ್ತೀರ ಅಂತಲೂ ಗೊತ್ತಿರಲಿಲ್ಲ."

"ಗೊತ್ತು. ನಾನಿಲ್ಲದಾಗ ಹೇಳಿದ್ರಿ. ಅದಕ್ಕೇ ಇಲ್ಲಿ ಕೂತಿದೀನಿ. ಇಲ್ಲದಿದ್ರೆ ಹಿಂದಿನ ಬಸ್ಸಿಗೇ ಹೋಗ್ತಿದ್ದೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನಿಮ್ಮನ್ನ ಕಳ್ಕೋತೀನಿ ಅನ್ನೋ ಹೆದರಿಕೆಗೇ ಬಾಯಿ ಮುಚ್ಚಿಕೊಂಡಿದ್ದು ಕಣ್ರಿ. ಅದೇ ಹೆದರಿಕೆಯಿಂದಾನೇ ಕಳ್ಕೊಂಡೆ. ನನಗೆ ನೀವಂದ್ರೆ... ಹೇಳೋಕೆ ಈಗ ಯೋಗ್ಯತೆ ಇಲ್ಲ. ಆದ್ರೂ ಇನ್ನೊಂದು ಮುಚ್ಚಿಡೋದು ಬೇಡ ಅಂತ ಹೇಳ್ತಿದೀನಿ. ನೀವಂದ್ರೆ ಪ್ರಾಣ."

ಬಸ್ಸು ಬಂತು. ಎದ್ದು ಹತ್ತಿದಳು. ಮೆಟ್ಟಿಲ ಮೇಲೆ ನಿಂತು ಒಮ್ಮೆ ತಿರುಗಿದಳು, ಅಷ್ಟೇ.

ಕೆಂಪರಾಜು ಗಾಡಿಯನ್ನು ಅಲ್ಲೇ ಬಿಟ್ಟು ಓಡಿಬಂದು ಹತ್ತಿದ.

ಕಂಡಕ್ಟರು ವನಜಾಳ ಆಧಾರ್ ಕಾರ್ಡು ನೋಡಿ ಊರು ಕೇಳಿ ಫ್ರೀ ಟಿಕೆಟ್ಟು ಹರಿದುಕೊಟ್ಟ. ಆಮೇಲೆ ಕಂಬ ಹಿಡಿದು ನಿಂತಿದ್ದ ಕೆಂಪರಾಜುವಿನ ಕಡೆ ತಿರುಗಿದ.

"ನಿಮಗೆಲ್ಲಿಗ್ರೀ?"

ಅವನು ವನಜಾಳನ್ನು ನೋಡಿದ.

"ಎಲ್ಲಿಗೆ ಹೇಳ್ರೀ, ಬಸ್ ಹತ್ತಿ ಯೋಚ್ನೆ ಮಾಡ್ತೀರಲ್ಲ!"

ವನಜಾ ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

"ಅವರಿಗೂ ನಮ್ಮೂರಿಗೇ ಕೊಡಿ ಅಣ್ಣ."

ಬಸ್ಸು ಹೊರಟಿತು. ಅವಳು ಸೀಟಿನಲ್ಲಿ ಕಿಟಕಿಯ ಕಡೆಗೆ ಸ್ವಲ್ಪ ಸರಿದಳು. ಅವನು ಅಂಚಿನಲ್ಲಿ, ಇನ್ನೇನು ಬೀಳುವವನಂತೆ ಕೂತ.

"ಅವ್ವನ ಜೊತೆ ಮಾತಾಡ್ತಿದೀರಾ?"

"ಇಲ್ಲ. ಊಟ ಮಾತ್ರ ಬಡಿಸ್ತೀನಿ."

"ಮತ್ತೆ... ನನ್ನ ಮೇಲೆ ಸಿಟ್ಟು?"

"ಹಂಗೇ ಐತೆ."

"ಹೋಗೋವರೆಗೂ ಕಾಯ್ತೀನಿ."

ಅವಳು ಮೊದಲ ಬಾರಿಗೆ ಅವನ ಕಡೆ ತಿರುಗಿದಳು. ಕಣ್ಣು ಇನ್ನೂ ಒದ್ದೆಯಾಗಿತ್ತು.

"ಅದು ಪೂರ್ತಿ ಹೋಗುತ್ತೋ ಇಲ್ಲವೋ ನಂಗೇ ಗೊತ್ತಿಲ್ಲ. ಇದ್ರೆ ಇರ್ಲಿ... ನೀವು ಬನ್ನಿ."